ಕೊಪ್ಪದಲ್ಲಿ ನಾನೊಂದು ಬಿಂದುವಾಗಿದ್ದಾಗ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದೆ. ಅದೇ ವರ್ಷ ಕೊಪ್ಪದಲ್ಲಿ ನಮಗೊಂದು ತರಬೇತಿ. ತರಬೇತುದಾರರಿಗೆ ಕರಿಹಲಗೆಯ ಮೇಲೆ ನಂಬಿಕೆ ಇರಲಿಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎರಡು ಅಕ್ಷ ಎಳೆಸಿ, ಬಾವುಟದ ಕಂಬವನ್ನೇ ಮೂಲಬಿಂದು ಮಾಡಿ, ಮೂವರನ್ನು ತ್ರಿಭುಜದ ಮೂಲೆಗಳಾಗಿ ನಿಲ್ಲಿಸಿದರು. ನಾನು, ನರಸಿಂಹರಾಜಪುರದ ಒಬ್ಬ ಮೇಡಂ, ನಿವೃತ್ತಿಯ ಅಂಚಿನಲ್ಲಿದ್ದ ಕಿಗ್ಗದ ಹಿರಿಯ ಮೇಷ್ಟ್ರು.

ಮೊದಲು ತೊಂಬತ್ತು ಡಿಗ್ರಿ ತಿರುಗುವುದು. (2, 3)ರಲ್ಲಿದ್ದ ನಾನು ಕಂಬವನ್ನು ಬಳಸಿಕೊಂಡು (-3, 2)ಕ್ಕೆ ಹೋಗಿ ನಿಂತೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಸ್ಥಾನಾಂತರ. ತರಬೇತುದಾರರು ಪುಸ್ತಕದಿಂದ ತಲೆಯೆತ್ತದೆ, "ಎಡಕ್ಕೆ ಇಪ್ಪತ್ತು ಹೆಜ್ಜೆ" ಎಂದರು. ಮೈದಾನ ಅಷ್ಟು ಅಗಲ ಇರಲಿಲ್ಲ.

"ಬೇಲಿ ಬಂತಲ್ಲ ಮಾರಾಯ್ರೆ," ಎಂದೆ.

"ಸಮತಲಕ್ಕೆ ಎಂತ ಬೇಲಿ? ನಡೀರಿ," ಎಂದ ಹಿರಿಯ ಮೇಷ್ಟ್ರು ಬೇಲಿಯ ದಣಪೆಯ ಬಿದಿರುಗಳನ್ನು ಸರಿಸಿ ಪಕ್ಕದ ಮನೆಯ ಅಂಗಳಕ್ಕೆ ದಾಟಿದರು. ನಾವೂ ಹೆಜ್ಜೆ ಎಣಿಸುತ್ತ ದಾಟಿದೆವು.

ಆ ಮನೆಯಲ್ಲಿ ಅವತ್ತು ಹೆಣ್ಣು ನೋಡುವ ಶಾಸ್ತ್ರ. ಯಜಮಾನರು ಕೈಮುಗಿದುಕೊಂಡು ಓಡಿ ಬಂದರು.

"ಬನ್ನಿ, ಒಳಗೆ ಬನ್ನಿ. ಹುಡುಗ ಇವರೇ ಅಲ್ವಾ?" ಎಂದು ನನ್ನತ್ತ ನೋಡಿದರು.

"ಒಳಗೆ ಬರೋ ಹಾಗಿಲ್ಲ. ಅಲುಗಾಡಿದ್ರೆ ತ್ರಿಭುಜ ಕೆಡ್ತದೆ," ಎಂದರು ಹಿರಿಯ ಮೇಷ್ಟ್ರು.

ಯಜಮಾನರು ಅದನ್ನೊಂದು ವ್ರತವೆಂದು ತಿಳಿದರೋ ಏನೋ, ಮೂರು ಮೂಲೆಗೂ ಕಾಫಿ ಕಳಿಸಿದರು. ಲೋಟ ತಂದುಕೊಟ್ಟ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಲೋಟ ಹಿಡಿದು ಮೂಲೆ ಬಿಡದೆ ನಿಂತೆ.

ಅಷ್ಟರಲ್ಲಿ ಜೀಪು ಬಂತು. ನಿಜವಾದ ಗಂಡಿನ ಕಡೆಯವರು ಇಳಿದರು. ಹುಡುಗನ ಸೋದರಮಾವ ನನ್ನ ಕೈಯ ಲೋಟ ನೋಡಿ ಮುಖ ಗಂಟಿಕ್ಕಿದರು.

"ಇದ್ಯಾರು ಹುಡುಗ?"

"ಇವನು ಹುಡುಗ ಅಲ್ಲ, ಬಿಂದು," ಎಂದರು ಮೇಷ್ಟ್ರು.

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಕಂಡ ಮದುವೆ ಗಂಡು ಮೆಲ್ಲಗೆ ಮುಂದೆ ಬಂದು, "ನಾನೆಲ್ಲಿ ನಿಲ್ಲೋದು ಸಾರ್?" ಎಂದು ಕೇಳಿದ. ಮೇಷ್ಟ್ರು ಗಂಭೀರವಾಗಿ ಹೆಜ್ಜೆ ಅಳೆದು ಅವನನ್ನು ನಾಲ್ಕನೇ ಮೂಲೆಯಲ್ಲಿ ನಿಲ್ಲಿಸಿ, "ಈಗ ಸಮಾಂತರ ಚತುರ್ಭುಜ," ಎಂದರು. ಹುಡುಗಿ ಅಲ್ಲಿಗೂ ಕಾಫಿ ತಂದಳು. ಸಂಬಂಧ ಅಂಗಳದಲ್ಲೇ ಕುದುರಿತು.

ಬೇಲಿಯಾಚೆಯಿಂದ ತರಬೇತುದಾರರು ಇಣುಕಿ, ಹೊಸಬನನ್ನು ಬಹಳ ಹೊತ್ತು ದಿಟ್ಟಿಸಿದರು.

"ಅವರು ಯಾವ ಶಾಲೆಯವರು? ಹಾಜರಿ ಹಾಕಿಲ್ಲವಲ್ಲ."