ಅಪ್ಪನಿಗೆ ದಾರಿ ಹೇಳಿದ್ದು

ಮನೆ ಬಿಟ್ಟು ಹೋಗುವಾಗ ಸತ್ತವರಿಗೆ ಹೊಸ ಮನೆಯ ದಾರಿ ಹೇಳಬೇಕು. ನಮ್ಮ ಕುಟುಂಬದ ಕ್ರಮ ಅದು. ಅಂಗಳದಲ್ಲಿ ಒಂದು ದೀಪ, ಒಂದು ಗಿಂಡಿ ನೀರು ಇಟ್ಟು, ಮಗನಾದವನು ನಿಂತು, ನಾವು ಇಂಥ ಕಡೆ ಹೋಗುತ್ತಿದ್ದೇವೆ, ಆಟಿಯಲ್ಲಿ ಬಡಿಸುವಾಗ ಅಲ್ಲಿಗೆ ಬನ್ನಿ ಎಂದು ಕೇಳಿಸುವ ಹಾಗೆ ಹೇಳಬೇಕು. ಆಟಿ ಎಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ಆಗ ಒಂದು ಸಂಜೆ ಸತ್ತವರಿಗೆ ಎಲೆ ಹಾಕಿ, ಕೋಳಿ ಸಾರು, ರೊಟ್ಟಿ ಬಡಿಸಿ, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಲ್ಲುತ್ತೇವೆ. ದಾರಿ ಹೇಳದೆ ಮನೆ ಬದಲಾಯಿಸಿದರೆ ಅವರು ಹಳೆಯ ಮನೆಗೇ ಬಂದು, ಒಲೆ ತಣ್ಣಗಿರುವುದನ್ನು ನೋಡಿ, ಹಸಿದುಕೊಂಡೇ ಹೋಗುತ್ತಾರೆ.

ಮಳೆ ಹಿಡಿಯುವ ಮೊದಲು ನಾವು ಪೆರ್ಲದ ಹತ್ತಿರದ ಮನೆ ಬಿಟ್ಟು ಸೀತಾಂಗೋಳಿಗೆ ಹೊರಟಾಗ ಈ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಹಿರಿಮಗ, ಕಿರಿಮಗ, ಕೆಲಸವಿಲ್ಲದ ಮಗ, ಕಾದಂಬರಿಕಾರ ಮಗ ಎಲ್ಲ ನಾನೊಬ್ಬನೇ. ದಾರಿ ಹೇಳಬೇಕಾದದ್ದು ಅಪ್ಪನಿಗೆ.

ಅಪ್ಪ ಜೀಪಿನಲ್ಲಿ ಕೂತು ಮೈಕಿನಲ್ಲಿ ಎನೌನ್ಸ್ ಮಾಡುವವರು. ಬಟ್ಟೆ ಅಂಗಡಿಯ ಉದ್ಘಾಟನೆ, ಕಣ್ಣಿನ ಪರೀಕ್ಷೆಯ ಕ್ಯಾಂಪು, ಕಬಡ್ಡಿ, ದೇವಸ್ಥಾನದ ಬ್ರಹ್ಮಕಲಶ, ಎಲ್ಲದಕ್ಕೂ ಅವರದೇ ಸ್ವರ. ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ. ಪ್ರತಿ ವಾಕ್ಯದ ಕೊನೆಯ ಅಕ್ಷರವನ್ನು ಗುಡ್ಡದ ಆಚೆಗೆ ಎಸೆಯುತ್ತಿದ್ದರು. ಕಳೆದ ಪಂಚಾಯತು ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನದ ಮೇಲೆ ಇನ್ನೊಂದು ಪಕ್ಷ ಎಂದು ಎಲ್ಲರನ್ನೂ ಗೆಲ್ಲಿಸಿದರು. ಸ್ವರ ಒಡೆದು ಹೋಗಿತ್ತು. ಚುನಾವಣೆ ಮುಗಿದ ವಾರದಲ್ಲಿ ಚಹಾದ ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ಹೃದಯ ನಿಂತಿತು. ಊರಿಗೆ ಊರಿನ ಸುದ್ದಿ ಹೇಳಿದವರು, ತನ್ನದನ್ನು ಯಾರಿಗೂ ಹೇಳಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡುವವರು ಬಂದು ನಮ್ಮ ಚಾವಡಿಯ ನಡುವಿನಿಂದ ಕೆಂಪು ಗೆರೆ ಎಳೆದರು. ಗೆರೆಯ ಈಚೆ ಟಿವಿ, ಆಚೆ ಸೋಫಾ. ಅಕ್ಕನ ಕೆಲಸ ಸೀತಾಂಗೋಳಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಅಲ್ಲೇ ಒಂದು ಬಾಡಿಗೆ ಮನೆ ನೋಡಿದೆವು.

ಹೊರಡುವ ಬೆಳಿಗ್ಗೆ ಅಮ್ಮ ದೀಪ ಇಟ್ಟು, "ಹೇಳು ಮಗಾ" ಎಂದರು. ಅಂಗಳದಲ್ಲಿ ಟೆಂಪೋದವರು, ನೆರೆಯವರು, ಅಮ್ಮನ ತಮ್ಮ, ಅಂದರೆ ನನ್ನ ಮಾವ, ಎಲ್ಲ ಇದ್ದರು. ಇಷ್ಟು ಜನ ಒಟ್ಟಿಗೆ ನನ್ನನ್ನೇ ನೋಡಿದರೆ ನನಗೆ ಒಂದು ರೋಗ ಬರುತ್ತದೆ. ಶಾಲೆಯಲ್ಲಿ ಹೆಡ್‌ಮಾಷ್ಟ್ರ ಎದುರೇ ಹೆಡ್‌ಮಾಷ್ಟ್ರ ಹಾಗೆ ಮಾತಾಡಿ ಪೆಟ್ಟು ತಿಂದದ್ದು ಈ ರೋಗದಲ್ಲೇ. ನಾನು ಗಿಂಡಿಯನ್ನು ಎತ್ತಿ ಮೈಕಿನ ಹಾಗೆ ಬಾಯಿಗೆ ಹಿಡಿದೆ.

"ಆತ್ಮೀಯ ಬಂಧುಗಳೇ... ಇಂದಿನಿಂದ ನಮ್ಮ ವಾಸ್ತವ್ಯವು ಸೀತಾಂಗೋಳಿ ಪೇಟೆಯಿಂದ ಕೊಂಚವೇ ಒಳಗೆ, ಹಾಲಿನ ಸೊಸೈಟಿಯ ಹಿಂಬದಿ, ಹಸಿರು ಗೇಟಿನ ಮನೆಯಲ್ಲೀ... ತಾವು ಕುಟುಂಬ ಸಮೇತರಾಗೀ..."

"ಕುಟುಂಬ ಇಲ್ಲೇ ಉಂಟಲ್ಲ ಮಾರಾಯ!" ಎಂದು ಮಾವ ಕೂಗಿದರು.

ಟೆಂಪೋದವರು ಬಿದ್ದು ಬಿದ್ದು ನಕ್ಕರು. ನೆರೆಮನೆಯ ಅಜ್ಜಿ ಕಣ್ಣು ಒರಸಿಕೊಂಡು, "ಅಯ್ಯೋ, ಅವರೇ ಬಂದ ಹಾಗಾಯ್ತು" ಎಂದರು. ನನಗೆ ಅಷ್ಟೇ ಸಾಕಿತ್ತು. ಮಲಯಾಳದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ ಹೇಳಿಯೇ ಗಿಂಡಿ ಕೆಳಗಿಟ್ಟೆ. ಅಮ್ಮ ಮಾತ್ರ ನಗಲಿಲ್ಲ. ಬೈಯಲೂ ಇಲ್ಲ. ದೀಪವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಹೋಗಿ ಕೂತರು.

ಹೊಸ ಮನೆಯಲ್ಲಿ ನಾನು ಕಾದಂಬರಿ ಮುಂದುವರಿಸಿದೆ. ಗಡಿಯ ಒಂದು ಚಹಾದ ಅಂಗಡಿ, ಅಲ್ಲಿಗೆ ಬರುವವರ ಬಾಯಿ, ಇಷ್ಟೇ ಅದರ ಕತೆ. ನಾನು ಬರೆಯುವ ಕ್ರಮ ಸ್ವಲ್ಪ ಗಲಾಟೆಯದ್ದು. ಮೊದಲು ಎಲ್ಲ ಪಾತ್ರಗಳ ಮಾತನ್ನೂ ಅವರವರ ಸ್ವರದಲ್ಲೇ ಆಡಿ ಮೊಬೈಲಿನಲ್ಲಿ ಹಿಡಿಯುತ್ತೇನೆ, ಆಮೇಲೆ ಕೇಳಿಕೊಂಡು ಬರೆಯುತ್ತೇನೆ. ಹಳೆಯ ಮನೆಯ ಗೋಡೆ ದಪ್ಪ ಇತ್ತು. ಇಲ್ಲಿ ಆಚೆ ಕೋಣೆಯಲ್ಲಿ ಸೀನಿದರೆ ಈಚೆಯವರು ಮೂಗು ಒರಸಿಕೊಳ್ಳಬೇಕು.

"ಒಬ್ಬನೇ ಕೂತು ನಾಲ್ಕು ಜನರ ಜಗಳ ಮಾಡ್ತಿಯಲ್ಲ, ಇಲ್ಲಿಯವರು ಎಂತ ಎಣಿಸಿಯಾರು? ಆ ಮನೆಯಲ್ಲಿ ಎಷ್ಟು ಗಂಡಸರುಂಟು ಅಂತ ಸೊಸೈಟಿಯಲ್ಲಿ ನನ್ನ ಹತ್ರ ಕೇಳ್ತಾರೆ" ಎಂದು ಅಕ್ಕ ಕೆಲಸದಿಂದ ಬಂದು ಬೈಯುತ್ತಿದ್ದಳು.

"ಒಬ್ಬನೇ ಉಂಟು, ಅದೂ ಅರ್ಧ ಅಂತ ಹೇಳು."

"ಅರ್ಧ ಅಂತಲೇ ಹೇಳಿದ್ದೇನೆ."

ನಾಚಿಕೆಯ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಸತ್ತ ದಿನ ಅವರ ಕಾಲಬುಡದಲ್ಲಿ ಕೂತು ಅಳುತ್ತಿದ್ದ ದೂರದ ಅತ್ತೆಯೊಬ್ಬರು ಅಳುವಿನ ನಡುನಡುವೆ ಉಸಿರು ಎಳೆದುಕೊಳ್ಳುವ ರೀತಿ ನನಗೆ ಬಹಳ ಹಿಡಿಸಿತ್ತು. ಹೆಣ ಎತ್ತುವ ಮೊದಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಅದನ್ನು ಮಾಡಿ ನೋಡಿದ್ದೆ. ಸರಿಯಾಗಿ ಬಂದಾಗ ಖುಷಿಯಾಯಿತು. ಹೊರಗೆ ನನ್ನನ್ನು ಹುಡುಕುತ್ತಿದ್ದರು. ಕಣ್ಣು ಕೆಂಪಗಿದ್ದದ್ದು ನೋಡಿ, ಪಾಪ, ಒಳಗೆ ಹೋಗಿ ಅತ್ತು ಬಂದ ಎಂದರು. ನಾನು ಅಲ್ಲ ಎನ್ನಲಿಲ್ಲ. ಆ ಅಳು ಈಗ ಕಾದಂಬರಿಯಲ್ಲಿದೆ. ನನ್ನ ಅಳು ಎಲ್ಲಿದೆ ಎಂದು ಯಾರಾದರೂ ಕೇಳಬಹುದು.

ಹೆಚ್ಚುಕಡಿಮೆ ಹಾಗೇ ಕೇಳಿದವರೊಬ್ಬರಿದ್ದರು. ಅರ್ಧ ಬರೆದದ್ದನ್ನು ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಅಲ್ಲಿ ಹಸ್ತಪ್ರತಿ ಓದುವ ಒಬ್ಬ ಮಹಿಳೆ ಫೋನು ಮಾಡಿದರು. ಘಟ್ಟದ ಮೇಲಿನ ಕನ್ನಡ, ಒಂದೊಂದು ಶಬ್ದವನ್ನೂ ಇಸ್ತ್ರಿ ಹಾಕಿ ಇಡುವ ಹಾಗೆ. "ಎಲ್ಲರೂ ತುಂಬಾ ಚೆನ್ನಾಗಿ ಮಾತಾಡ್ತಾರೆ. ಆದ್ರೆ ಕತೆ ಹೇಳ್ತಿರೋರು ಯಾರು? ಅವರ ದನಿ ನನಗೆ ಒಂದು ಪುಟದಲ್ಲೂ ಕೇಳಿಸ್ಲಿಲ್ಲ."

ಫೋನು ಇಟ್ಟವನೇ ಅಡುಗೆ ಕೋಣೆಗೆ ಹೋಗಿ ಅಕ್ಕನ ಎದುರು ಅವರ ಹಾಗೇ ಮಾತಾಡಿ ತೋರಿಸಿದೆ. ಅಕ್ಕ ನಕ್ಕಳು. ನಕ್ಕು ಮುಗಿಸಿ ಈರುಳ್ಳಿ ಕೊಯ್ಯುತ್ತಾ, "ಅವರು ಕೇಳಿದ್ದು ಸರಿ ಉಂಟಲ್ಲ?" ಎಂದಳು. ಅಮ್ಮ ಒಲೆಯ ಹತ್ತಿರ ಇದ್ದರು. ತಿರುಗಿ ನನ್ನನ್ನು ನೋಡಿದರು, ಏನೋ ಹೇಳಲು ಹೊರಟವರ ಹಾಗೆ.

ಹೇಳಿದ್ದು ಆಟಿ ಹತ್ತಿರ ಬಂದಾಗ, ಅದೂ ಮಾವನ ಹತ್ತಿರ, ಫೋನಿನಲ್ಲಿ. ತೆಳುಗೋಡೆ ನನ್ನ ಮಾತನ್ನು ಮಾತ್ರ ಆಚೆ ದಾಟಿಸುವುದಲ್ಲ, ಈಚೆಗೂ ದಾಟಿಸುತ್ತದೆ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ.

"ಬಡಿಸುದು ಹೇಗೆ ಅಂತ ಅಲ್ಲ, ಬಡಿಸಿದ್ರೆ ಅವರು ಬರ್ತಾರಾ ಅಂತ" ಎನ್ನುತ್ತಿದ್ದರು ಅಮ್ಮ. "ಅವ ಅವರ ಸ್ವರದಲ್ಲೇ ಕರೆದ. ನೀನೂ ನಗಾಡಿದಿ. ಮೂವತ್ತು ವರ್ಷ ಊರಿನವರನ್ನೆಲ್ಲ ಊಟಕ್ಕೆ ಕರೆದ ಜನ, ತಾನು ಕರೆದ ಒಂದು ಊಟಕ್ಕೂ ಹೋದದ್ದಿಲ್ಲ. ನನ್ನನ್ನು ಯಾರು ಕರೆದದ್ದು, ನಾನು ಹೇಳಿದ್ದು ಮಾತ್ರ ಅಂತ ಬಂದು ಮನೆಯಲ್ಲಿ ಗಂಜಿ ಉಣ್ಣುದು. ಈಗಲೂ ಹಾಗೇ ಎಣಿಸಿರ್ತಾರೆ. ತನ್ನ ಸ್ವರ ಕೇಳಿದ್ದಾರೆ, ಯಾರಿಗೋ ಊಟದ ಹೇಳಿಕೆ ಹೋಗ್ತಾ ಉಂಟು ಅಂತ ಸುಮ್ಮನೆ ಅಲ್ಲೇ ಕೂತಿರ್ತಾರೆ. ಆ ಮುರಿದ ಮನೆಯಲ್ಲಿ."

ಮಾವ ಆಚೆಯಿಂದ ಏನು ಹೇಳಿದರೋ. ಅಮ್ಮ ಮತ್ತೆ, "ಅವನಿಗೆ ಹೇಳ್ಬೇಡ. ಬೇಜಾರು ಮಾಡಿಕೊಂಡಾನು" ಎಂದರು.

ನಾನು ಕೈಯಲ್ಲಿ ಮೊಬೈಲು ಹಿಡಿದುಕೊಂಡು ಕೂತಿದ್ದೆ. ರೆಕಾರ್ಡು ಓಡುತ್ತಿತ್ತು. ಅಮ್ಮನ ಮಾತು ಪೂರ್ತಿ ಅದರಲ್ಲಿ ಬಂದಿತ್ತು. ಎಂಥ ಒಳ್ಳೆಯ ಮಾತು, ನನ್ನ ಕಾದಂಬರಿಯ ಚಹಾದ ಅಂಗಡಿಯ ಹೆಂಗಸಿನ ಬಾಯಿಗೆ ಸರಿಯಾಗಿ ಕೂರುತ್ತದೆ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಅದನ್ನು ಅಳಿಸಿದೆ. ಅಳಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಹೋದಾಗ ಮಾತ್ರ ನಾಚಿಕೆಯಾಯಿತು.

ಹೊರಗೆ ಬಂದು, "ನಾಳೆ ಹೋಗಿ ಪುನಃ ಹೇಳಿ ಬರ್ತೇನೆ" ಎಂದೆ.

ಅಮ್ಮನಿಗೆ ನಾನು ಕೇಳಿಸಿಕೊಂಡೆ ಎಂದು ಗೊತ್ತಾಯಿತು. "ನಾನೂ ಬರ್ತೇನೆ" ಎಂದರು. "ನಿನ್ನನ್ನು ನಂಬ್ಲಿಕ್ಕಾಗುದಿಲ್ಲ."

ಬದಿಯಡ್ಕದಲ್ಲಿ ಬಸ್ಸು ಬದಲಾಯಿಸಿ ಹೋದೆವು. ದಾರಿಯಲ್ಲಿ ನಾನು ಮನಸ್ಸಿನಲ್ಲೇ ನನ್ನ ಸ್ವರವನ್ನು ಅಭ್ಯಾಸ ಮಾಡುತ್ತಿದ್ದೆ. ಹಿಂದಿನ ರಾತ್ರಿಯ ಊಟದ ಹೊತ್ತಿನಿಂದಲೂ ಅದೇ ಕೆಲಸ. ಬಾಯಿ ತೆರೆದರೆ ಯಾರಾದರೊಬ್ಬರು ಹೊರಬರುತ್ತಿದ್ದರು. ಬಸ್ಸಿನ ಕಂಡಕ್ಟರನ ಹತ್ತಿರ "ಎರಡು ಪೆರ್ಲ" ಎಂದದ್ದು ಕೂಡ ಕಂಡಕ್ಟರನ ಹಾಗೇ ಬಂತು. ಅವನು ನನ್ನನ್ನು ದುರುಗುಟ್ಟಿ ನೋಡಿದ.

ಮನೆಯ ಮುಂಭಾಗ ಇರಲಿಲ್ಲ. ಕೆಂಪು ಗೆರೆ ಇದ್ದಲ್ಲಿಗೇ ಕತ್ತರಿಸಿದ್ದರು. ಟಿವಿ ಇಟ್ಟಿದ್ದ ಗೋಡೆಯ ನೀಲಿ ಬಣ್ಣ ರಸ್ತೆಗೆ ಮುಖ ಮಾಡಿ ಮಳೆಗೆ ನೆನೆಯುತ್ತಿತ್ತು. ಅಂಗಳವಿದ್ದಲ್ಲಿ ಕೆಸರು, ಜಲ್ಲಿಯ ರಾಶಿ. ರಸ್ತೆ ಕೆಲಸದವರು ಟಾರ್ಪಾಲಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಅಮ್ಮ ಚೀಲದಿಂದ ದೀಪ ತೆಗೆದು, ಗಾಳಿಗೆ ಕೊಡೆ ಅಡ್ಡ ಹಿಡಿದು ಹಚ್ಚಿದರು.

"ಹೇಳು."

ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ನಾವು ಈಗ ಅಲ್ಲಿ ಸೀತಾಂಗೋಳಿಯಲ್ಲಿ" ಎಂದು ಶುರು ಮಾಡಿದೆ.

"ಅದು ನಿನ್ನ ಮಾವನದ್ದು."

ಸರಿ, ಮತ್ತೊಮ್ಮೆ. "ತೀರಿಹೋದ ನಮ್ಮ ತೀರ್ಥರೂಪರು ದಯವಿಟ್ಟು..."

"ಇದು ಯಾರದ್ದು? ಮಾಷ್ಟ್ರದ್ದಾ?"

"ಮಾಷ್ಟ್ರದ್ದು" ಎಂದು ಒಪ್ಪಿಕೊಂಡೆ. "ಅಮ್ಮಾ, ನನಗೆ ನನ್ನದು ಬರುದಿಲ್ಲ. ಬೇಕಾದ್ರೆ ನಿಮ್ಮ ಸ್ವರದಲ್ಲಿ ಕರೀತೇನೆ. ನೀವು ಕರೆದ್ರೆ ಅವರು ಬಾರದೆ ಇದ್ದಾರಾ?"

ತಮಾಷೆಗೇ ಹೇಳಿದ್ದು. ಅಮ್ಮ ಕೊಡೆಯನ್ನು ಇನ್ನೊಂದು ಕೈಗೆ ದಾಟಿಸಿದರು. "ಹಸಿವಾದಾಗ ನನ್ನ ಹತ್ರ ಬಂದು ಕೇಳ್ತಿಯಲ್ಲ, ಎಂತ ಉಂಟು ಅಂತ. ಆಗ ನೀನು ಯಾರ ಹಾಗೂ ಮಾತಾಡುದಿಲ್ಲ. ಹಾಗೆ ಹೇಳು."

ನನಗೆ ಒಮ್ಮೆಲೇ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದದ್ದು ನೆನಪಾಯಿತು. ಅವರು ಮಧ್ಯಾಹ್ನ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿ ಮೈಕಿನ ವಯರು ಬಿಚ್ಚುತ್ತಿರುವಾಗ ಅಮ್ಮ ನನ್ನನ್ನು ಕಳಿಸುತ್ತಿದ್ದರು. ನಾನು ಮೆಟ್ಟಿಲಲ್ಲಿ ನಿಂತು, "ಎನೌನ್ಸರರ ಗಮನಕ್ಕೇ..." ಎಂದು ಅವರದೇ ಸ್ವರದಲ್ಲಿ ಕೂಗುತ್ತಿದ್ದೆ. ಅಪ್ಪ ನಗುತ್ತಿದ್ದರು. ಆದರೆ ಕೂಡಲೇ ಬರುತ್ತಿರಲಿಲ್ಲ. ಅಮ್ಮ ಒಳಗಿನಿಂದ ಇನ್ನೊಮ್ಮೆ ಕರೆದ ಮೇಲೆಯೇ ಕೈ ತೊಳೆಯಲು ಏಳುತ್ತಿದ್ದರು. ನಾನು ಅದನ್ನು ಅವರ ಉದಾಸೀನ ಎಂದುಕೊಂಡಿದ್ದೆ. ಮೀಸೆ ಬಂದ ಮೇಲೆ ನಾನು ಅವರನ್ನು ಒಮ್ಮೆಯಾದರೂ ಬರಿದೆ "ಅಪ್ಪ" ಎಂದು ಕರೆದದ್ದು ನೆನಪಿಗೆ ಬರಲಿಲ್ಲ.

"ಅಪ್ಪಾ" ಎಂದೆ.

ತೀರಾ ಸಪೂರ ಸ್ವರ. ಮೂಗಿನಲ್ಲಿ ಸಿಕ್ಕಿಕೊಂಡ ಹಾಗೆ, ನಡುವೆ ಒಡೆದ ಹಾಗೆ. ಇಂಥ ಸ್ವರ ಯಾರಿಗಾದರೂ ಇದ್ದರೆ ನಾನು ಊರಿಡೀ ಅಣಕಿಸಿ ಅವನನ್ನು ಮನೆಯಿಂದ ಹೊರಗೆ ಬಾರದ ಹಾಗೆ ಮಾಡುತ್ತಿದ್ದೆ. ಟಾರ್ಪಾಲಿನ ಕೆಳಗಿನವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಓಡಿಬಿಡೋಣ ಎನ್ನಿಸಿತು. ಅಮ್ಮ ದೀಪಕ್ಕೆ ಕೊಡೆ ಹಿಡಿದು ಬಗ್ಗಿಯೇ ಇದ್ದರು.

"ಅಪ್ಪಾ, ನಾವು ಮನೆ ಬಿಟ್ಟಿದ್ದೇವೆ. ಊಟಕ್ಕೆ ಸೀತಾಂಗೋಳಿಗೆ ಬನ್ನಿ. ಬದಿಯಡ್ಕದಲ್ಲಿ ಇಳಿದು ಬಸ್ಸು ಬದಲಾಯಿಸ್ಬೇಕು. ಹಾಲಿನ ಸೊಸೈಟಿಯ ಹಿಂದೆ. ಹಸಿರು ಗೇಟು. ಅಂದು ನಾನು ಕರೆದದ್ದು ನಿಮ್ಮನ್ನೇ. ಬೇರೆಯವರನ್ನಲ್ಲ."

ಇನ್ನೂ ಏನೋ ಹೇಳಬೇಕೆಂದಿದ್ದೆ. ನನ್ನ ಸ್ವಂತ ಸ್ವರದಲ್ಲಿ ನನಗೆ ಅಷ್ಟೇ ಮಾತು ಗೊತ್ತಿದ್ದದ್ದು.

"ಗೇಟು ಸ್ವಲ್ಪ ಎತ್ತಿ ತಳ್ಬೇಕು ಅಂತ ಹೇಳು" ಎಂದರು ಅಮ್ಮ.

"ಗೇಟು ಸ್ವಲ್ಪ ಎತ್ತಿ ತಳ್ಬೇಕು ಅಪ್ಪಾ."

"ಸಾಕು. ಬಾ, ಮಳೆ ಬರ್ತದೆ."

ಆ ವಾರ ಕಾದಂಬರಿಯ ಮೊದಲ ಅಧ್ಯಾಯವನ್ನು ಪುನಃ ಬರೆದೆ, ಮೊಬೈಲು ಇಲ್ಲದೆ, ಬಾಯಿ ಮುಚ್ಚಿಕೊಂಡು. ಅಕ್ಕನಿಗೆ ಓದಲು ಕೊಟ್ಟೆ. "ಸ್ವಲ್ಪ ಬೋರು ಉಂಟು" ಎಂದಳು. ಮತ್ತೆ ಹಿಂದಕ್ಕೆ ಕೊಡುತ್ತಾ, "ಆದ್ರೆ ನೀನೇ ಅಂತ ಗೊತ್ತಾಗ್ತದೆ." ಅದು ಹೊಗಳಿಕೆಯೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಆ ಅತ್ತೆಯ ಅಳುವನ್ನು ತೆಗೆಯಲು ಹೊರಟೆ. ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿ ಬಂದಿದೆ. ಹಾಗೇ ಇದೆ.

ಬಡಿಸುವ ಸಂಜೆ ಜೋರು ಮಳೆ. ಅಮ್ಮ ಎಲೆ ಹಾಕಿದರು. ರೊಟ್ಟಿ, ಕೋಳಿ ಸಾರು, ಪಕ್ಕದಲ್ಲಿ ಒಂದು ಗ್ಲಾಸು ಚಹಾ. ಚಹಾ ಇಡುವ ಕ್ರಮ ಇಲ್ಲ ಎಂದು ಮಾವ ಗೊಣಗಿದರು. ಅಂದು ಅರ್ಧ ಮಾತ್ರ ಕುಡಿದದ್ದಲ್ವಾ, ಇರ್ಲಿ ಎಂದರು ಅಮ್ಮ. ಬಾಗಿಲು ಎಳೆದುಕೊಂಡು ನಾವೆಲ್ಲ ಜಗಲಿಯಲ್ಲಿ ಮೈಗೆ ಮೈ ತಾಗಿಸಿ ನಿಂತೆವು. ಎರಚಲು ಕಾಲಿಗೆ ಬೀಳುತ್ತಿತ್ತು. ಗೇಟಿನ ಕಡೆಯಿಂದ ಏನೋ ಸದ್ದಾಯಿತು, ಗಾಳಿಗೇ ಇರಬೇಕು. ಮಾವ ನನ್ನ ಪಕ್ಕೆಗೆ ತಿವಿದು, "ಈಗ ಯಾರ ಸ್ವರ ಮಾರಾಯ, ಗೇಟಿನದ್ದಾ?" ಎಂದರು. ಅಭ್ಯಾಸಬಲದಿಂದ ನನ್ನ ಗಂಟಲಿನಲ್ಲಿ ತುಕ್ಕು ಹಿಡಿದ ಗೇಟು ಆಗಲೇ ತಯಾರಾಗಿತ್ತು.

ಅಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಪಿಸುಗುಟ್ಟಿದರು, "ಮೆಲ್ಲ ಮಾತಾಡಿ. ಉಣ್ತಾ ಇದ್ದಾರೆ."

ಎಷ್ಟು ಮೆತ್ತಗಿನ ಸ್ವರ ಅದು. ನನ್ನ ನಾಲಿಗೆ ಆಗಲೇ ಅದನ್ನು ಹಿಡಿಯಲು ಹೊರಟಿತ್ತು. ನಾನು ನಾಚಿಕೆಯಿಂದ ಹಲ್ಲು ಕಚ್ಚಿಕೊಂಡು, ಎಲ್ಲರ ಹಾಗೆ ಸುಮ್ಮನೆ ನಿಂತೆ.