ಗೆರೆ ಎಳೆದ ದಿನ

ಗೆಳೆಯರೇ, ಪದವಿ ಓದಲು ಯಾರು ತಯಾರು ಎಂದು ಹೇಳುವ ಗೆರೆಯನ್ನು ಇಂದು ಹಾಸನದ ನಮ್ಮ ಕಾಲೇಜಿನಲ್ಲಿ ಎಳೆದೆವು. ಪ್ರವೇಶ ಪರೀಕ್ಷೆಯಲ್ಲಿ ಅದಕ್ಕಿಂತ ಕಡಿಮೆ ಅಂಕ ಬಂದವರು ಮೊದಲು ಒಂದು ವರ್ಷ ಸೇತುಬಂಧ ತರಗತಿಯಲ್ಲಿ ಕೂರಬೇಕು. ನೂರಕ್ಕೆ ನಲವತ್ತೊಂದು ಅಂಕ ಬಂದಿದ್ದ, ಕಟ್ಟಾಯ ಊರಿನ ಮಂಜುಳಾ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದ್ ವರ್ಸ ಅಂದ್ರೆ ನಮ್ಮಪ್ಪ ಓದೇ ಬುಡಿಸ್ಬುಡ್ತದೆ ಸಾ."

ತರಬೇತಿ ಕೊಡಲು ಬಂದಿದ್ದ ಮೇಡಂ ಮೇಷ್ಟ್ರುಗಳಾದ ನಮಗೆ ಗೆರೆ ಎಳೆಯುವ ವಿಧಾನ ವಿವರಿಸಿದರು: "ಅಂತೂ ಇಂತೂ ಪದವಿ ಮುಗಿಸಬಲ್ಲ ಒಬ್ಬ ವಿದ್ಯಾರ್ಥಿಯನ್ನ ಮನಸ್ಸಿಗೆ ತಂದ್ಕೊಳ್ಳಿ. ಅವನು ಈ ಪರೀಕ್ಷೆಯಲ್ಲಿ ಯಾವ್ಯಾವ ಪ್ರಶ್ನೆಗೆ ಉತ್ತರ ಬರೀತಾನೆ, ಗುರುತು ಹಾಕಿ, ಅವುಗಳ ಅಂಕ ಕೂಡಿಸಿ. ನಿಮ್ಮೆಲ್ಲರ ಸರಾಸರಿಯೇ ಗೆರೆ."

ಸರಾಸರಿ ಅರವತ್ತೆಂಟಕ್ಕೆ ಹೋಗಿ ಕೂತಿತು. ಮೇಡಂ ಬೆಚ್ಚಿಬಿದ್ದು, "ಯಾರನ್ನ ನೆನೆಸ್ಕೊಂಡ್ರಿ?" ಎಂದರು. ಎಲ್ಲರದೂ ಒಂದೇ ಉತ್ತರ: ಕಳೆದ ವರ್ಷ ರ‍್ಯಾಂಕ್ ಬಂದ ಹುಡುಗಿ. ಬೇರೆಯವರ ಹೆಸರು ನಮಗೆ ನೆನಪಿದ್ದರೆ ತಾನೆ!

"ಹಿಂದಿನ ಬೆಂಚಿನವರು ಒಬ್ಬರೂ ಗೊತ್ತಿಲ್ವಾ ಸರ್?"

ಗಣಿತದ ಶಿವಣ್ಣ ಮೇಷ್ಟ್ರು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದರು. "ಒಬ್ಬ ಅವ್ನೆ ಮೇಡಂ," ಎಂದರು ಕೊನೆಗೆ. "ನಮ್ಮನೇಲೇ ಅವ್ನೆ, ನನ್ ಮಗ. ಡಿಗ್ರಿ ಮುಗ್ಸೋಷ್ಟ್ರಲ್ಲಿ ನಮ್ ಜೀವ ತಿಂದ. ಈಗ ಅರಕಲಗೂಡಲ್ಲಿ ಮೇಷ್ಟ್ರು. ಚೆನ್ನಾಗೇ ಪಾಠ ಮಾಡ್ತಾನೆ."

ನಗು ಮುಗಿದ ಮೇಲೆ ಎಲ್ಲರೂ ಅಂಥ ಒಬ್ಬೊಬ್ಬರನ್ನು ನೆನೆದು ಮತ್ತೆ ಗುರುತು ಹಾಕಿದರು. ಗೆರೆ ಮೂವತ್ತೊಂಬತ್ತಕ್ಕೆ ಇಳಿಯಿತು. ಮಂಜುಳಾ "ಬದುಕ್ದೆ ಸಾ" ಎಂದವಳೇ ಬಸ್ಸಿಗೆ ಓಡಿದಳು.

ಊರ ಮಕ್ಕಳಿಗೆಂದು ಎಳೆದಾಗ ಗೆರೆ ಬೆಟ್ಟದಲ್ಲಿತ್ತು. ಮನೆಯ ಮಗ ನೆನಪಾದ ಮೇಲೆ ಕೈಗೆಟಕುವ ಮಟ್ಟದಲ್ಲಿತ್ತು.