ಕಳ್ಳನಿಗೆ ಹಿಡಿದ ಏಣಿ

ಗಂಡ ತೀರಿಕೊಂಡ ಮೇಲೆ ಒಬ್ಬಳೇ ತೋಟ ನೋಡಿಕೊಳ್ಳುತ್ತಿದ್ದ ಬಣಕಲ್ಲಿನ ಕಮಲಾಕ್ಷಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಅವಳ ಅಂಗಳದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನೇ ಕದ್ದು ಜೈಲು ಸೇರಿದ್ದ ಧರ್ಮೇಶ ಈಗ ಶಿಕ್ಷೆ ಮುಗಿಸಿ ಊರಿಗೆ ಬಂದಿದ್ದ. ಮೆಣಸು ಕೊಯ್ಲಿನ ಕಾಲ, ಎಲ್ಲ ತೋಟಗಳಲ್ಲೂ ಆಳಿಗೆ ಪರದಾಟ. ಆದರೂ ಅವನನ್ನು ಯಾರೂ ಕರೆಯಲಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ ಎತ್ತರದ ಸಿಲ್ವರ್ ಮರಕ್ಕೆ ಒಬ್ಬ ಹತ್ತಿದರೆ ಕೆಳಗೆ ಇನ್ನೊಬ್ಬ ಏಣಿ ಹಿಡಿಯಬೇಕು. ಕಳ್ಳನಿಗೆ ಏಣಿ ಹಿಡಿಯುವುದಿಲ್ಲವೆಂದು ಆಳುಗಳೆಲ್ಲ ಹಟಕ್ಕೆ ಬಿದ್ದಿದ್ದರು.

ಇದನ್ನು ಕೇಳಿ ಕಮಲಾಕ್ಷಮ್ಮನ ಪಿತ್ತ ನೆತ್ತಿಗೇರಿತು. ಧರ್ಮೇಶನನ್ನು ಕರೆಸಿ, ತನ್ನ ತೋಟದ ಮರಕ್ಕೇ ಹತ್ತಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಏಣಿ ಹಿಡಿದು ನಿಂತಳು.

ಪಕ್ಕದ ಎಸ್ಟೇಟಿನ ಮೇಸ್ತ್ರಿ ಹಾಲಪ್ಪ ಬೇಲಿಯಾಚೆಯಿಂದ ಕೂಗಿದ: "ನಿಮ್ಮ ಮೆಣಸು ಕದ್ದವ್ನಿಗೇ ಏಣಿ ಹಿಡೀತೀರಲ್ಲಮ್ಮ! ಇಷ್ಟು ಬೇಗ ಮರ್ತುಬಿಟ್ರಾ?"

"ಮರೆಯೋಕೆ ನಂಗೇನು ತಲೆ ಕೆಟ್ಟಿದ್ಯಾ? ಅವ್ನ ಮುಖ ಕಂಡ್ರೆ ಈಗ್ಲೂ ಮೈ ಉರಿಯುತ್ತೆ. ಕಳ್ಕೊಂಡೋಳು ನಾನು. ನಿಮಗ್ಯಾಕೆ ಮಾರಾಯ ಇಲ್ಲದ ಉಸಾಬರಿ? ಕೆಲ್ಸ ಕೊಡ್ದೆ ಅಟ್ಟಿದ್ರೆ ಅವ್ನೇನು ಮಣ್ಣು ತಿನ್ಬೇಕಾ? ಮತ್ತೆ ಯಾರದೋ ಅಂಗಳಕ್ಕೆ ಕೈ ಹಾಕ್ತಾನೆ. ಮೊದಲ್ನೇ ಸಲ ಕದ್ದಿದ್ದು ಅವ್ನು. ಇನ್ನೊಂದ್ಸಲ ಕದ್ರೆ, ಕದಿಸಿದ್ದು ನೀವು!"

ಹಾಲಪ್ಪ ಬೇಲಿಯಿಂದ ಹಿಂದೆ ಸರಿದ. ಮರದ ಮೇಲೆ ಮೆಣಸು ಬಿಡಿಸುತ್ತಿದ್ದ ಕೈ ನಿಂತಿತು. "ಅಮ್ಮಾ..." ಎಂದು ಧರ್ಮೇಶ ಏನೋ ಹೇಳಲು ಹೋದ.

"ನೀನು ಬಾಯಿ ಮುಚ್ಚು. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ನಂಗೆ" ಎಂದು ಗದರಿದ ಕಮಲಾಕ್ಷಮ್ಮ, ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.